ಲೆಕ್ಕದಕ್ಕ ಬ್ಯಾಟು ಹಿಡಿದದ್ದು

ನನ್ನ ಮಗನ ಹುಟ್ಟುಹಬ್ಬದ ದಿನ ಊಟ ಮುಗಿದು ನೆಂಟರೆಲ್ಲ ಕೈ ತೊಳೆಯಲು ಏಳುವ ಹೊತ್ತಿಗೆ, ನನ್ನ ಅಕ್ಕ ಮೇಜಿನ ತುದಿಯಲ್ಲಿ ಎದ್ದು ನಿಂತಳು.

"ಯಾರೂ ಏಳಬೇಡಿ. ಒಂದು ಚಮಚ ಕಮ್ಮಿ ಇದೆ."

ಎಲ್ಲರೂ ನಕ್ಕರು. ನನ್ನ ಯಜಮಾನರಂತೂ ಜೇಬು ಮುಟ್ಟಿ ನೋಡಿಕೊಂಡು, "ಕದ್ದೋರು ಯಾರಪ್ಪಾ, ಒಪ್ಕೊಂಡುಬಿಡಿ. ಅತ್ತಿಗೆ ಬಿಡೋರಲ್ಲ" ಎಂದರು. ಅಕ್ಕ ನಗಲಿಲ್ಲ. ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಅಡಿ ನೋಡಿದಳು. ಪಕ್ಕದ ಮನೆಯ ಅಜ್ಜಿಯನ್ನು ಎಬ್ಬಿಸಿ ಕುರ್ಚಿಯ ಮೆತ್ತೆ ಮಗುಚಿದಳು. ಮಕ್ಕಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದಳು. ನಗು ಒಂದೊಂದೇ ಬಾಯಲ್ಲಿ ಆರಿಹೋಯಿತು. ಭಾವ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಚಮಚ ದೊಡ್ಡ ಪಾತ್ರೆಯ ತಳದಲ್ಲಿ, ಉಳಿದ ಗೊಜ್ಜಿನೊಳಗೆ ಮುಳುಗಿ ಸಿಕ್ಕಿತು. ಅಕ್ಕ ಅದನ್ನು ಒರೆಸಿ, ಉಳಿದವುಗಳ ಜೊತೆ ಜೋಡಿಸಿ, ಇನ್ನೊಮ್ಮೆ ಎಣಿಸಿ, "ಸರಿಯಾಯ್ತು. ಈಗ ಏಳಬಹುದು" ಎಂದಳು. ಅಪ್ಪಣೆ ಸಿಕ್ಕಿದರೂ ಒಂದು ಗಳಿಗೆ ಯಾರೂ ಏಳಲಿಲ್ಲ.

ಆಮೇಲೆ ಅಡುಗೆಮನೆಗೆ ಬಂದು ತೊಟ್ಟಿಯ ಅಂಚು ಹಿಡಿದು ನಿಂತಳು.

"ಏನಾಯ್ತೇ ನಂಗೆ? ಎಲ್ಲಿದ್ದೀನಿ ಅನ್ನೋದೇ ಮರೆತುಹೋಗಿತ್ತು ಕಣೇ. ಹೊಟ್ಟೆ ಹೊಲಿಯೋ ಹೊತ್ತಾಗಿದೆ, ಲೆಕ್ಕ ಸಿಗ್ತಿಲ್ಲ ಅನ್ನೋ ಹಾಗಾಯ್ತು."

ನಮ್ಮ ಅಕ್ಕ ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ಶುದ್ಧಮಾಡುವ ವಿಭಾಗದಲ್ಲಿದ್ದಳು. ನೆಲಮಾಳಿಗೆಯ ಒಂದು ಉದ್ದನೆಯ ಕೋಣೆ, ಕಿಟಕಿ ಇಲ್ಲ, ಗೋಡೆಯ ಬದಿಗೆ ಬೀರುವಿನಷ್ಟು ಎತ್ತರದ ಎರಡು ಹಳೇ ಆವಿಯಂತ್ರಗಳು. ಮೇಲಿನ ಆಪರೇಷನ್ ಥಿಯೇಟರಿನಿಂದ ರಕ್ತ ಮೆತ್ತಿದ ಕತ್ತರಿ, ಇಕ್ಕಳಗಳು ಬುಟ್ಟಿಯಲ್ಲಿ ಇಳಿದು ಬರುತ್ತವೆ. ಅವನ್ನು ತೊಳೆಯಬೇಕು, ಕೀಲುಗಳ ಸಂದಿಯನ್ನು ಬ್ರಷ್ಷಿನಿಂದ ತಿಕ್ಕಬೇಕು, ಒಣಗಿಸಿ ತಟ್ಟೆಯಲ್ಲಿ ಜೋಡಿಸಿ ಎಣಿಸಬೇಕು, ಹಸಿರು ಬಟ್ಟೆಯಲ್ಲಿ ಸುತ್ತಿ ಮೇಲೊಂದು ಟೇಪು ಅಂಟಿಸಿ ಯಂತ್ರದೊಳಗೆ ತಳ್ಳಬೇಕು. ಆವಿ ಸರಿಯಾಗಿ ತಾಗಿದರೆ ಟೇಪಿನ ಮೇಲಿನ ಗೆರೆಗಳು ಕಪ್ಪಾಗುತ್ತವೆ. ಇದರಲ್ಲಿ ಎಣಿಕೆಯೇ ಪ್ರಾಣ. ತಟ್ಟೆಯಲ್ಲಿ ಹೋದದ್ದು ತಟ್ಟೆಯಲ್ಲಿ ವಾಪಸು ಬರಲಿಲ್ಲವೆಂದರೆ, ಅದು ಯಾರೋ ಒಬ್ಬರ ಹೊಟ್ಟೆಯೊಳಗೆ ಉಳಿದಿರಬಹುದು. ಅಕ್ಕ ಅಲ್ಲಿಗೆ ಸೇರಿದಾಗಿನಿಂದ ಅವಳ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ. ಡಾಕ್ಟರುಗಳಿಂದ ಹಿಡಿದು ಗುಡಿಸುವವರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ಲೆಕ್ಕದಕ್ಕ' ಎಂದೇ.

ಆ ಹೆಸರನ್ನು ಅವಳು ಬಿರುದಿನ ಹಾಗೆ ಹೊತ್ತಿದ್ದಳು. ಬಿರುದು ಬರುಬರುತ್ತಾ ಮೂಟೆಯಾಗಿತ್ತು. ರಜೆ ಹಾಕುತ್ತಿರಲಿಲ್ಲ. ಪಾಳಿ ಮುಗಿದರೂ ಮನೆಗೆ ಹೊರಡುತ್ತಿರಲಿಲ್ಲ. ಕೊನೆಯ ಟೇಪನ್ನು ತಾನೇ ಅಂಟಿಸಬೇಕು. ಹತ್ತು ವರ್ಷದಿಂದ ಜೊತೆಗಿದ್ದ ಸಹಾಯಕಿಯ ಕೈಗೂ ಅದನ್ನು ಕೊಟ್ಟವಳಲ್ಲ. ಮನೆಗೆ ಬಂದ ಮೇಲೂ ಊಟದ ನಡುವೆ ಫೋನು ಮಾಡಿ, "ಮೂರನೇ ತಟ್ಟೆಯ ಸಣ್ಣ ಇಕ್ಕಳ ನೋಡಿದ್ಯೇನಮ್ಮಾ?" ಎಂದು ಕೇಳುವಳು. ಗಾಣದೆತ್ತಿಗಾದರೂ ಸಂಜೆ ನೊಗ ಇಳಿಸುತ್ತಾರೆ.

ಚಿಕ್ಕಂದಿನಿಂದಲೂ ಅವಳು ಹಾಗೆಯೇ. ಅಪ್ಪ ತೀರಿಕೊಂಡಾಗ ಅವಳಿಗೆ ಹನ್ನೆರಡೋ ಹದಿಮೂರೋ. ಅಮ್ಮ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನೂ ತಮ್ಮನನ್ನೂ ಸಾಕಿದವಳು ಇವಳೇ. ಶಾಲೆ ಬಿಟ್ಟ ಮೇಲೆ ನಾವು ಮೈದಾನದಲ್ಲಿ ಕುಣಿಯುವಾಗ ಇವಳು ಕಟ್ಟೆಯ ಮೇಲೆ ಕೂತು ನಮ್ಮ ಚೀಲಗಳನ್ನು ಕಾಯುತ್ತಿದ್ದಳು. ಆಟಕ್ಕೆ ಕರೆದರೆ, "ನಂಗೆ ಪುರುಸೊತ್ತಿಲ್ಲ" ಎನ್ನುವಳು. ಚೀಲ ಕಾಯುವವಳಿಗೆ ಯಾವ ಪುರುಸೊತ್ತಿಲ್ಲದ ಕೆಲಸ ಎಂದು ನಾವು ನಗುತ್ತಿದ್ದೆವು. ಆ ನಗುವಿನ ಬಗ್ಗೆ ಈಗ ಯೋಚಿಸಿದರೆ ನನಗೆ ಒಂಥರಾ ಆಗುತ್ತದೆ.

ಚಮಚದ ಪ್ರಸಂಗವಾದ ಮೇಲೆ ನಾವೆಲ್ಲ ಸೇರಿ ಅವಳಿಗೆ ಒಂದು ವಾರ ರಜೆ ಹಾಕಿಸಿದೆವು. ಅದೊಂದು ದೊಡ್ಡ ಅನಾಹುತವೇ ಆಯಿತು. ಮೊದಲ ದಿನ ಬೀರುಗಳನ್ನೆಲ್ಲ ಖಾಲಿಮಾಡಿ ಜೋಡಿಸಿದಳು. ಎರಡನೇ ದಿನ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದಳು; ಸಕ್ಕರೆ ಎಲ್ಲಿ, ಉಪ್ಪು ಎಲ್ಲಿ ಎಂದು ಮನೆಯವರಿಗೆ ದಿಕ್ಕು ತಪ್ಪಿತು. ಮೂರನೇ ದಿನ ಕಾಲೇಜಿಗೆ ಹೊರಟ ಮಗಳ ಚೀಲಕ್ಕೇ ಕೈ ಹಾಕಿದಳಂತೆ. ಭಾವ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮೆದು ಮಾತಿನ ಮನುಷ್ಯ. ಅವರು ನನಗೆ ಫೋನು ಮಾಡಿ, "ನೀನಾದ್ರೂ ಹೇಳಮ್ಮಾ. ಅವಳ ರಜೆಯಿಂದ ನಮಗೆ ಸ್ವಲ್ಪ ರಜೆ ಬೇಕು" ಎಂದರು. ನಾಲ್ಕನೇ ದಿನಕ್ಕೆ ಅಕ್ಕ ತಾನಾಗಿಯೇ ಆಸ್ಪತ್ರೆಗೆ ಹೊರಟುಬಿಟ್ಟಳು. ನನಗೆ ಆಗ ಗೊತ್ತಾದದ್ದು ಇಷ್ಟು: ಕೆಲಸ ನಿಲ್ಲಿಸಿದ ಮಾತ್ರಕ್ಕೆ ಬಿಡುವು ಬರುವುದಿಲ್ಲ. ಆ ಖಾಲಿ ಜಾಗದಲ್ಲಿ ಇಡಲು ಅವಳ ಹತ್ತಿರ ಏನೂ ಇರಲಿಲ್ಲ.

ಅದೇ ತಿಂಗಳು ಒಂದು ಆವಿಯಂತ್ರ ಕೆಟ್ಟಿತು. ಇದ್ದ ಒಂದೇ ಯಂತ್ರ ತನ್ನ ಸುತ್ತು ಮುಗಿಸುವವರೆಗೆ ಮಧ್ಯಾಹ್ನ ಕೈಕಟ್ಟಿ ಕೂರಬೇಕಾಯಿತು. ಹಾಗೆ ಕೂತಿದ್ದಾಗ ಪಕ್ಕದ ಕೋಣೆಯಿಂದ ಟಕ್, ಟಕ್ ಎಂಬ ಸದ್ದು. ಪೈಪು ಸೋರುತ್ತಿರಬೇಕು ಎಂದುಕೊಂಡು ಅಕ್ಕ ನೋಡಲು ಹೋದಳು. ಆ ಬಾಗಿಲ ಮೇಲೆ 'ಸಿಬ್ಬಂದಿ ಮನರಂಜನಾ ಕೊಠಡಿ' ಎಂಬ ಫಲಕವಿತ್ತು. ಒಳಗೆ ಮನರಂಜನೆಗೆಂದು ಇದ್ದದ್ದು ಮುರಿದ ಮಂಚಗಳು, ಚಕ್ರ ಕಳಚಿದ ಗಾಲಿಕುರ್ಚಿಗಳು. ಅವುಗಳ ನಡುವೆ ಒಂದು ಹಳೇ ಟೇಬಲ್ ಟೆನಿಸ್ ಮೇಜು. ಅದರ ಅರ್ಧವನ್ನು ಗೋಡೆಯ ಹಾಗೆ ಮಡಚಿ ನಿಲ್ಲಿಸಿ, ಆಂಬುಲೆನ್ಸ್ ಡ್ರೈವರು ಒಬ್ಬನೇ ಚೆಂಡು ಹೊಡೆಯುತ್ತಿದ್ದ. ನರೆತ ಮೀಸೆ, ಐವತ್ತು ದಾಟಿದ ವಯಸ್ಸು. ದೊಡ್ಡ ಗಂಟಲಿಗಾಗಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವನು 'ಸೈರನ್ ಅಣ್ಣ'.

"ಬನ್ನಿ ಲೆಕ್ಕದಕ್ಕಾ! ಗೋಡೆ ಜೊತೆ ಆಡಿ ಆಡಿ ಸಾಕಾಗಿದೆ. ಹಾಳಾದ್ದು ಸೋಲೋದೇ ಇಲ್ಲ."

"ನಂಗೆ ಬರಲ್ಲ."

"ಬರೋರ ಜೊತೆ ಆಡಿದ್ರೆ ನಾನು ಸೋತುಹೋಗ್ತೀನಿ. ಅದಕ್ಕೇ ನಿಮ್ಮನ್ನ ಕರೀತಿರೋದು."

ಮೇಜಿನ ಆ ಅರ್ಧವನ್ನು ಅವನು ಆಗಲೇ ಇಳಿಸಿದ್ದ. ಅಕ್ಕ ಬ್ಯಾಟು ಹಿಡಿದಳು, ಇಕ್ಕಳ ಹಿಡಿದ ಹಾಗೆ ಎರಡೇ ಬೆರಳಲ್ಲಿ. ಬಂದ ಮೊದಲ ಚೆಂಡಿಗೆ ಬೀಸಿದ್ದು ಗಾಳಿಗೆ ಹೋಯಿತು. ಎರಡನೆಯದು ಬ್ಯಾಟಿಗೆ ತಾಗಿ ಮಂಚದ ಕೆಳಗೆ ಸೇರಿತು. ಮೂರನೆಯದು ಸೈರನ್ ಅಣ್ಣನ ಹಣೆಗೆ. "ಈ ಮೇಜೇ ಓರೆ ಇದೆ" ಎಂದಳು ಅಕ್ಕ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ" ಎಂದು ಅವನು ನಕ್ಕು, ಬಗ್ಗಿ ಮೇಜಿನ ಕಾಲು ನೋಡಿದ. "ಅಲ್ಲ, ಇದು ನಿಜವಾಗ್ಲೂ ಡೊಂಕೇ. ಒಂದು ಕಾಲಿನ ಬುಡ ಹೋಗಿದೆ."

ಅಕ್ಕನಿಗೆ ನಗು ಬಂತು. ಸಣ್ಣ ನಗುವಲ್ಲ. ಬ್ಯಾಟು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳಂತೆ. ಸಹಾಯಕಿ ಗಾಬರಿಯಾಗಿ ಓಡಿ ಬಂದು ನೋಡಿದಳಂತೆ.

ಇದು ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ. ಒಂದು ಭಾನುವಾರ ಮನೆಗೆ ಬಂದವಳು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. "ಒಂದು ವಿಷಯ ಹೇಳ್ತೀನಿ. ಯಾರಿಗೂ ಹೇಳಬೇಡ. ನಿಮ್ಮ ಭಾವಂಗೂ ಗೊತ್ತಿಲ್ಲ." ಕಾಯಿಲೆಯೋ, ಇನ್ನೇನೋ ಎಂದುಕೊಂಡೆ. "ಡ್ರೈವರ್ ಒಬ್ರು ಇದ್ದಾರೆ" ಎಂದಳು. ನಾನು ಹಾಸಿಗೆಯ ಅಂಚಿನಲ್ಲಿ ಕೂತೇಬಿಟ್ಟೆ. "ಅವರ ಜೊತೆ ದಿನಾ ಮಧ್ಯಾಹ್ನ ಟೇಬಲ್ ಟೆನಿಸ್ ಆಡ್ತೀನಿ."

"ಇಷ್ಟೇನಾ?"

"ಇಷ್ಟೇ ಅಂದ್ರೆ? ಊಟದ ಅರ್ಧ ಗಂಟೇಲಿ ಹತ್ತು ನಿಮಿಷ ಊಟ, ಉಳಿದದ್ದು ಆಟ. ಕೆಲಸದ ಜಾಗದಲ್ಲಿ! ನಾಚಿಕೆ ಆಗುತ್ತೆ ಕಣೇ. ಆದ್ರೆ ಬೆಳಿಗ್ಗೆ ಎದ್ದಾಗ ಮೊದಲು ನೆನಪಾಗೋದೇ ಅದು."

"ಚೆನ್ನಾಗಿ ಆಡ್ತೀಯಾ?"

"ಥೂ, ಇಲ್ಲ. ಒಂದು ಆಟಾನೂ ಗೆದ್ದಿಲ್ಲ." ಹಾಗೆನ್ನುವಾಗ ಅವಳ ಮುಖ ಅರಳಿತ್ತು. ಆ ಮುಖವನ್ನು ನಾನು ನೋಡಿದ ನೆನಪೇ ಇರಲಿಲ್ಲ.

ಮಧ್ಯಾಹ್ನದ ಆಟ ಮೆಲ್ಲಗೆ ಸಂಜೆಗೂ ಹಬ್ಬಿತು. ವಾರದಲ್ಲಿ ಎರಡು ಮೂರು ದಿನ ಪಾಳಿ ಮುಗಿದ ಮೇಲೆ ಒಂದಷ್ಟು ಹೊತ್ತು. ಅದಕ್ಕೆ ಅವಳು ಸರಿಯಾದ ಸಮಯಕ್ಕೆ ಕೆಲಸ ಮುಗಿಸಬೇಕಾಯಿತು. ಅದಕ್ಕಾಗಿ ಕೊನೆಯ ತಟ್ಟೆಗಳನ್ನು ಸಹಾಯಕಿಗೆ ಬಿಡಬೇಕಾಯಿತು. ಮೊದಲ ದಿನ ಬ್ಯಾಟು ಕೈಯಲ್ಲಿ ಹಿಡಿದೇ ಎರಡು ಸಲ ವಾಪಸು ಹೋಗಿ ಎಣಿಸಿದಳಂತೆ. ಎರಡನೇ ಸಲ ಸಹಾಯಕಿ, "ಅಕ್ಕಾ, ಹತ್ತು ವರ್ಷದಿಂದ ನಾನೂ ಇಲ್ಲೇ ಇದ್ದೀನಿ. ಎಣಿಸೋಕೆ ನಿಮ್ಮಿಂದಾನೇ ಕಲಿತಿದ್ದು" ಎಂದಳು. ಆ ಮಾತು ಅಕ್ಕನಿಗೆ ಚುಚ್ಚಿತು. ತಾನು ಜವಾಬ್ದಾರಿ ಎಂದುಕೊಂಡದ್ದರಲ್ಲಿ ಇನ್ನೊಬ್ಬಳನ್ನು ನಂಬದಿರುವುದೂ ಸೇರಿತ್ತಲ್ಲ ಎಂದು ಬಹಳ ದಿನ ಕೊರಗಿದಳು. ಅಂದಿನಿಂದ ಸಂಜೆಯ ಟೇಪು ಸಹಾಯಕಿಯದೇ ಆಯಿತು.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಭಾವನಿಗೆ ವಿಷಯ ತಿಳಿದಾಗ ಆ ಮೆದು ಮಾತಿನ ಮನುಷ್ಯನೂ ದನಿ ಏರಿಸಿದರು. ನಾನೂ ಅಲ್ಲೇ ಇದ್ದೆ.

"ಇಷ್ಟು ವರ್ಷ ಆಸ್ಪತ್ರೆಗೆ ಕೊಟ್ಟಿದ್ದು ಸಾಲದೆ ಈಗ ಆ ಮೇಜಿಗೂ ಕೊಡ್ತೀಯಾ? ಮಿಕ್ಕ ಹೊತ್ತಾದ್ರೂ ಮನೆಗೆ ಅಂತ ಕಾಯ್ತಿದ್ದೆ ನಾನು."

ಅವರ ಮಾತಿನಲ್ಲಿ ನ್ಯಾಯವಿತ್ತು, ಅದು ಅಕ್ಕನಿಗೂ ಗೊತ್ತಿತ್ತು. ನಿಧಾನವಾಗಿ ಹೇಳಿದಳು: "ಆಸ್ಪತ್ರೆಗೂ ಕೊಟ್ಟೆ, ಮನೆಗೂ ಕೊಟ್ಟೆ ಕಣ್ರೀ. ಇದು ಕೊಡ್ತಿರೋದಲ್ಲ. ನಾನು ತಗೊಳ್ತಿರೋದು. ಇಲ್ಲೀವರೆಗೂ ನಂಗೆ ಅಂತ ಏನಾದ್ರೂ ತಗೊಂಡಿದ್ದು ನೀವು ನೋಡಿದ್ರೆ ಹೇಳಿ, ನಾಳೆಯಿಂದ ಬಿಟ್ಟುಬಿಡ್ತೀನಿ."

ಭಾವ ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಹುಡುಕುತ್ತಿದ್ದಾರೆ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಏನೂ ಸಿಗಲಿಲ್ಲವೆಂದು ಕಾಣುತ್ತದೆ. ಎದ್ದು ಹೋಗಿ ಅನ್ನಕ್ಕಿಟ್ಟರು. ಅಂದಿನ ಅನ್ನ ತಳ ಹಿಡಿದಿತ್ತು. ಅದರ ಮುಂದಿನ ವಾರದ್ದೂ ಹಿಡಿದಿತ್ತು. ಆದರೆ ಆ ಸಂಜೆಗಳ ಅಡುಗೆ ಅವರದು ಎಂದು ಯಾರೂ ಹೇಳದೆಯೇ ಗೊತ್ತಾಯಿತು. ಅಕ್ಕನೂ ಅಂದಿನಿಂದ ಊಟದ ನಡುವೆ ಆಸ್ಪತ್ರೆಗೆ ಫೋನು ಮಾಡುವುದನ್ನು ನಿಲ್ಲಿಸಿದಳು.

ಹೀಗೆ ಒಂದೂವರೆ ವರ್ಷ ನಡೆಯಿತು. ಆಮೇಲೆ ಒಂದು ದಿನ ಮೇಟ್ರನ್ ಅವಳನ್ನು ಮೇಲಿನ ಮಹಡಿಗೆ ಕರೆಸಿದರು. ಒಳ್ಳೆಯ ಸುದ್ದಿಯೇ. ಎರಡು ಹಳೇ ಯಂತ್ರಗಳ ಮೇಲೆ ಭಾರ ಜಾಸ್ತಿಯಾಗಿದೆ, ಮೂರನೆಯದೊಂದು ಕೊಡಿ ಎಂದು ಅಕ್ಕ ವರ್ಷಗಳಿಂದ ಕೇಳುತ್ತಿದ್ದಳು. ಅದು ಮಂಜೂರಾಗಿತ್ತು. "ಜಾಗಕ್ಕೆ ಯೋಚನೆ ಇಲ್ಲ" ಎಂದರು ಮೇಟ್ರನ್. "ಪಕ್ಕದ ಕೋಣೆ ಹೇಗೂ ಗುಜರಿಯೇ ತಾನೇ? ನಡುವಿನ ಗೋಡೆ ಒಡೆದು ಅಲ್ಲೇ ಕೂರಿಸ್ತಾರೆ. ಆ ಹಳೇ ಮೇಜೂ ಮಂಚಗಳ ಜೊತೆ ಹೊರಗೆ ಹೋಗುತ್ತೆ."

ಅಕ್ಕ "ಆಯ್ತು ಮೇಡಂ" ಎಂದು ಇಳಿದು ಬಂದಳು. ಮೆಟ್ಟಿಲ ಮೇಲೆ ಅವಳ ಕಾಲು ನಿಂತಿತು. ಯಂತ್ರ ಬೇಡ ಎನ್ನುವ ಹಾಗಿರಲಿಲ್ಲ. ಅದು ರೋಗಿಗಳ ಜೀವದ ಪ್ರಶ್ನೆ. ಹಾಗೆ ಅನ್ನುವುದನ್ನು ಅವಳು ಕನಸಿನಲ್ಲೂ ಯೋಚಿಸುವವಳಲ್ಲ. ಆದರೂ ಕೆಲಸಕ್ಕೆ ಮೊದಲು ನೇರ ಪಕ್ಕದ ಕೋಣೆಗೆ ಹೋದಳು. ಸೈರನ್ ಅಣ್ಣನಿಗೆ ಹೇಳಿದರೆ ಅವನು, "ಹೋಗ್ಲಿ ಬಿಡಿ. ನನ್ನದೇನು, ಮತ್ತೆ ಗೋಡೆ ಹುಡುಕ್ಕೋತೀನಿ" ಎಂದ. ಅವನ ದೊಡ್ಡ ಗಂಟಲು ಆ ದಿನ ಸಣ್ಣಗಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಕರೆಸಿಕೊಳ್ಳದೆ ಮೇಲೆ ಹೋದಳು. ಮೇಟ್ರನ್ ತಲೆ ಎತ್ತಿ, "ಏನು, ಯಂತ್ರದ ವಿಷಯಾನಾ?" ಎಂದರು.

"ಅಲ್ಲ ಮೇಡಂ. ಮೇಜಿನ ವಿಷಯ. ಅದಕ್ಕೆ ಬೇರೆ ಎಲ್ಲಾದ್ರೂ ಒಂದು ಜಾಗ ಬೇಕು."

"ಯಾವ ಮೇಜು? ಆ ಆಟದ್ದಾ?" ಮೇಟ್ರನ್ ಕನ್ನಡಕ ತೆಗೆದರು. "ವರ್ಷಗಟ್ಟಲೆ ಕೇಳಿದ ಯಂತ್ರ ಸಿಕ್ಕಿದೆ. ಸಂತೋಷ ಪಡೋದು ಬಿಟ್ಟು ಆಟದ ಮೇಜು ಅಂತೀರಲ್ಲ, ಅದೂ ನೀವು! ಬೇರೆಯವರು ಕೇಳಿದ್ರೆ ಬೈದು ಕಳಿಸ್ತಿದ್ದೆ."

"ನನ್ನನ್ನೂ ಬೈಯ್ರಿ ಮೇಡಂ. ಆದ್ರೆ ಕೇಳಿಸ್ಕೊಂಡು ಬೈಯ್ರಿ."

ಅಲ್ಲಿ ನಿಂತುಕೊಂಡೇ ಅಕ್ಕ ನಮ್ಮ ಮನೆಯ ಹುಟ್ಟುಹಬ್ಬದ ಊಟದ ಕಥೆ ಹೇಳಿದಳು. ಅಜ್ಜಿಯನ್ನು ಎಬ್ಬಿಸಿದ್ದು, ಮಕ್ಕಳನ್ನು ಗೋಡೆಗೆ ನಿಲ್ಲಿಸಿದ್ದು, ಒಂದನ್ನೂ ಬಿಡಲಿಲ್ಲ. ಮೇಟ್ರನ್ ಮೊದಲು ಮುಗುಳ್ನಕ್ಕರು, ಆಮೇಲೆ ನಗಲಿಲ್ಲ.

"ಕೆಳಗೆ ನಾನು ತಪ್ಪು ಮಾಡೋ ಹಾಗಿಲ್ಲ ಮೇಡಂ. ಮಾಡಿದ್ರೆ ಅದು ಒಬ್ಬರ ಹೊಟ್ಟೆಗೆ ಹೋಗುತ್ತೆ. ಆ ಮೇಜಿನ ಹತ್ರ ತಪ್ಪು ಮಾಡಿದ್ರೆ ಚೆಂಡು ಮಂಚದ ಕೆಳಗೆ ಹೋಗುತ್ತೆ, ಅಷ್ಟೇ. ಬಗ್ಗಿ ತಗೊಂಡ್ರೆ ಆಯ್ತು. ದಿನಕ್ಕೆ ಅಷ್ಟು ಹೊತ್ತು ತಪ್ಪು ಮಾಡೋಕೆ ನಂಗೊಂದು ಜಾಗ ಬೇಕು. ಅದು ಇದ್ರೆ ಮಿಕ್ಕ ಹೊತ್ತು ಸರಿಯಾಗಿರ್ತೀನಿ."

ಮೇಟ್ರನ್ ಆಯಿತೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕಿಟಕಿಯ ಕಡೆ ನೋಡುತ್ತಾ, "ನಾನು ಹುಡುಗಿಯಾಗಿದ್ದಾಗ ಚಿತ್ರ ಬರೀತಿದ್ದೆ" ಎಂದಷ್ಟೇ ಅಂದು, ಕೈ ಸನ್ನೆಯಲ್ಲಿ ಹೋಗಿ ಎಂದರು.

ಗೋಡೆ ಒಡೆಯುವ ಕೆಲಸದವರು ಬಂದ ದಿನ ಮೇಜನ್ನು ಹೊರಗೆ ಒಯ್ದರು. ಗುಜರಿ ರಾಶಿಗೆ ಹಾಕಲಿಲ್ಲ. ಬಟ್ಟೆ ಒಗೆಯುವ ವಿಭಾಗಕ್ಕೂ ಬಾಯ್ಲರ್ ಕೋಣೆಗೂ ನಡುವೆ ತಗಡಿನ ಸೂರಿರುವ ಒಂದು ಓಣಿಯಿದೆ. ಅಲ್ಲಿಡಿ ಎಂದು ಮೇಲಿನಿಂದ ಹೇಳಿ ಕಳಿಸಿದ್ದರಂತೆ. ಒಳ್ಳೆಯ ಜಾಗವೆಂದು ನಾನು ಹೇಳಲಾರೆ. ಎರಡೂ ಕಡೆಯಿಂದ ಗಾಳಿ ನುಗ್ಗುತ್ತದೆ. ಒಗೆದ ಬಿಳಿ ಹೊದಿಕೆಗಳು ಒಂದು ಬದಿಗೆ ಪಟಪಟ ಬಡಿಯುತ್ತಿರುತ್ತವೆ. ಹೊಡೆದ ಚೆಂಡು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಬೇರೆಲ್ಲೋ ಹೋಗುತ್ತದೆ. ಸೈರನ್ ಅಣ್ಣನ ಇಷ್ಟು ವರ್ಷದ ಕೈಚಳಕವೆಲ್ಲ ಆ ಗಾಳಿಗೆ ಸಿಕ್ಕಿ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಅಕ್ಕ ತನ್ನ ಬಾಳಿನ ಮೊದಲ ಆಟ ಗೆದ್ದದ್ದು ಅಲ್ಲೇ.

"ನಾನು ಗೆದ್ದಿದ್ದೋ, ಗಾಳಿ ಗೆದ್ದಿದ್ದೋ?" ಎಂದು ಕೇಳಿದಳಂತೆ.

"ಗಾಳೀನೇ. ಆದ್ರೆ ಅದು ನಿಮ್ಮ ಕಡೆ ಇತ್ತಲ್ಲ, ನಿಮ್ಮ ಲೆಕ್ಕಕ್ಕೇ ಹಾಕ್ಕೊಳ್ಳಿ" ಎಂದ ಅವನು.

ಎಲ್ಲರೂ ಓಡಾಡುವ ದಾರಿಯಲ್ಲಿದ್ದುದರಿಂದ ನೋಡುವವರು ಬಂದರು. ನೋಡಿದವರು ಬ್ಯಾಟು ಹಿಡಿದರು. ಬಟ್ಟೆ ಒಗೆಯುವವರು, ಅಡುಗೆಯವರು, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ನರ್ಸುಗಳು. ಇಬ್ಬಿಬ್ಬರ ಜೋಡಿ ಆಟವೂ ಶುರುವಾಯಿತು. ಅಕ್ಕನೂ ಬಾಯ್ಲರ್ ನೋಡಿಕೊಳ್ಳುವವನೂ ಜೋಡಿಯಾದರೆ ಎತ್ತು ಏರಿಗೆ, ಕೋಣ ನೀರಿಗೆ. ಮೇಟ್ರನ್ ಆಡಲು ಬರಲಿಲ್ಲ. ಒಂದೆರಡು ಸಲ ಆ ಕಡೆಯಿಂದ ಹಾದು ಹೋಗುವಾಗ ನಿಂತು ನೋಡಿದ್ದರು.

ಅಕ್ಕ ನಿವೃತ್ತಳಾದ ದಿನ ನಾವೆಲ್ಲ ಹೋಗಿದ್ದೆವು. ದೊಡ್ಡ ಡಾಕ್ಟರು ಅವಳ ಎಣಿಕೆಯನ್ನು ಹೊಗಳಿದರು. ಇನ್ನೊಬ್ಬರು ಅವಳ ಶಿಸ್ತನ್ನು ಹೊಗಳಿದರು. ಅಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು. ಬೇರೆ ಯಾರದೋ ವಿಷಯವೇನೋ ಎಂಬಂತಿತ್ತು ಮುಖ. ಆಗಲೇ ನಿವೃತ್ತನಾಗಿದ್ದ ಸೈರನ್ ಅಣ್ಣನೂ ಬಂದಿದ್ದ. ಮಾತಾಡಿ ಎಂದು ಒತ್ತಾಯ ಮಾಡಿದಾಗ ಎದ್ದು ನಿಂತು, "ಅಷ್ಟು ವರ್ಷ ಹೇಳಿಕೊಟ್ಟೆ. ಇವತ್ತಿಗೂ ಇವರಿಗೆ ಸರ್ವ್ ಮಾಡೋಕೆ ಬರಲ್ಲ" ಎಂದು ಕೂತುಬಿಟ್ಟ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ಭಾವ ನನ್ನ ಕಿವಿಯಲ್ಲಿ, "ಇದೊಂದು ಮಾತು ಇಲ್ದೇ ಇದ್ದಿದ್ರೆ ಇವತ್ತು ಅವಳು ಅತ್ತುಬಿಡ್ತಿದ್ಲು" ಎಂದರು.

ನಿವೃತ್ತಿಯ ಬಗ್ಗೆ ನನಗೆ ಭಯವಿತ್ತು. ಆ ಹಳೆಯ ಮೂರು ದಿನದ ರಜೆ ಕಣ್ಣಮುಂದಿತ್ತು. ಈಗ ಇಡೀ ಬಾಳೇ ರಜೆ. ಆದರೆ ಬೀರುಗಳು ಇದ್ದ ಹಾಗೇ ಇವೆ, ಸಕ್ಕರೆ ಡಬ್ಬಿ ಇದ್ದಲ್ಲೇ ಇದೆ. ಅವರ ಬೀದಿಯ ಕೊನೆಗೆ ಒಂದು ಸಮುದಾಯ ಭವನವಿದೆ. ಅಲ್ಲೊಂದು ಮೇಜಿದೆ, ನೇರವಾದದ್ದು. ಬೆಳಿಗ್ಗೆ ಅಲ್ಲಿಗೆ ಹೋಗುತ್ತಾಳೆ. ಮಂಡಿ ನೋವು ಬಂದ ದಿನ ಕೂತು ನೋಡುತ್ತಾಳೆ. ಆಗಾಗ ಅವಳ ಹಳೆಯ ಸಹಾಯಕಿ ಫೋನು ಮಾಡಿ ಏನಾದರೂ ಕೇಳುತ್ತಾಳೆ. ಅಕ್ಕ ಗೊತ್ತಿದ್ದಷ್ಟು ಹೇಳಿ, "ಮಿಕ್ಕಿದ್ದು ನಿಂಗೇ ಗೊತ್ತಮ್ಮ" ಎಂದು ಇಟ್ಟುಬಿಡುತ್ತಾಳೆ.

ಮೊನ್ನೆ ನಾನು ಹೋದಾಗ ಅವಳು ಕಾಲೇಜು ಹುಡುಗಿಯೊಬ್ಬಳ ಕೈಲಿ ಸಾಲಾಗಿ ಮೂರು ಆಟ ಸೋತಳು. ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕದಲ್ಲಿ ಕೂತಳು. ನನಗೆ ತಡೆಯಲಾಗದೆ ಕೇಳಿದೆ:

"ಅಕ್ಕಾ, ಗೆಲ್ಲಬೇಕು ಅನಿಸೋದೇ ಇಲ್ವಾ ನಿಂಗೆ?"

"ಅನಿಸುತ್ತೆ. ತುಂಬಾ ಅನಿಸುತ್ತೆ." ನೀರು ಕುಡಿದು, ಆ ಹುಡುಗಿ ಚೆಂಡು ಪುಟಿಸುವುದನ್ನೇ ನೋಡುತ್ತಾ ಹೇಳಿದಳು: "ಆದ್ರೆ ಇಲ್ಲಿ ಸೋತ್ರೂ ರಾತ್ರಿ ನಿದ್ದೆ ಬರುತ್ತೆ ಕಣೇ."